ಬಂದರಿನ ಬುರುಡೆದಾಸ

"ಬಲಗಡೆ ನೋಡ್ರಪ್ಪಾ, ಕಾಫಿ ಗೋದಾಮು! ಅಲ್ಲಿ ಬೀಜ ಮುಕ್ಕಿದ ಇಲಿಗಳು ಇವತ್ತಿಗೂ ನಿದ್ದೆ ಮಾಡಿಲ್ಲ. ಎಡಗಡೆ ಗಾಜಿನ ಮನೆಗಳು. ಅಲ್ಲಿನ ಸಾಹುಕಾರ್ರು ಸ್ನಾನಕ್ಕೆ ಕೂತ್ರೆ ನದೀಲಿ ನೀರಿಳಿಯುತ್ತೆ!" ಹ್ಯಾಂಬರ್ಗ್ ಬಂದರು ತೋರಿಸುವ ದೋಣಿಯವನು ಬುರುಡೆ ಬಿಡಬೇಕು, ಜನ "ಸುಳ್ಳು!" ಎಂದು ಕೂಗಬೇಕು, ಅಲ್ಲಿನ ಪದ್ಧತಿಯೇ ಹಾಗೆ. ಮುದುಕ ಹಿನ್ನೆರ್ಕ್ ಅದರಲ್ಲಿ ಎತ್ತಿದ ಕೈ. ದಾರಿ ತಪ್ಪಿ ಬಂದ ತಿಮಿಂಗಿಲಕ್ಕೂ ಸುಂಕ ಕಟ್ಟಿಸಿದವನು. ಮುಚ್ಚಿಹೋದ ಹಡಗು ಕಾರ್ಖಾನೆ ಎದುರಾದಾಗ ಮಾತ್ರ ಟೋಪಿ ತೆಗೆದು, "ಇಲ್ಲಿ ನನ್ನ ತಮ್ಮ ಊವೆ ಬೆಸುಗೆ ಹಾಕ್ತಾ ಬಿದ್ದು ಸತ್ತ. ಯಾರೂ ಒಂದು ಕಲ್ಲು ನೆಡಲಿಲ್ಲ, ಅದಕ್ಕೇ ದಿನಾ ಹೇಳ್ತೀನಿ" ಎನ್ನುತ್ತಾನೆ. "ಸುಳ್ಳು! ಸುಳ್ಳು!" ಎಂದು ದೋಣಿಗೆ ದೋಣಿಯೇ ನಗುತ್ತದೆ. ಇಳಿಯುವಾಗ ಒಬ್ಬಾಕೆ, "ತಮ್ಮನ ಕಥೆ ಮಾತ್ರ ತುಂಬ ಚೆನ್ನಾಗಿ ಕಟ್ಟಿದ್ರಿ, ತಾತ" ಎಂದು ಬೆನ್ನು ತಟ್ಟುತ್ತಾಳೆ. ಹಿನ್ನೆರ್ಕ್ ಟೋಪಿ ಹಾಕಿಕೊಂಡು, ಮುಂದಿನವರು ಕೂರಲೆಂದು ಬೆಂಚುಗಳ ಮೇಲಿನ ಬ್ರೆಡ್ಡಿನ ಚೂರು ಒರೆಸುತ್ತಾನೆ.