ಸೌಟಿಗಿಲ್ಲದ ಸೂತಕ

ಅವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದೇ ಒಂದು ಕೂದಲಿರಲಿಲ್ಲ. ಎಡಗೈ ತುಂಬ ದಟ್ಟ ಕೂದಲು. ಬಲಗೈ ಮಾತ್ರ ಆಗತಾನೆ ಕ್ಷೌರ ಮಾಡಿಸಿದ ಕೆನ್ನೆಯ ಹಾಗೆ ನುಣ್ಣಗೆ. ಜೀವಮಾನವಿಡೀ ಒಲೆಯ ಮೇಲಿನ ಕೊಪ್ಪರಿಗೆಗೆ ಸೌಟು ಹಾಕಿ ತಿರುವಿ ತಿರುವಿ, ಬೆಂಕಿಯ ಝಳಕ್ಕೆ ಕೂದಲೆಲ್ಲ ಸುಟ್ಟು, ಕೊನೆಗೆ ಹುಟ್ಟುವುದನ್ನೇ ಬಿಟ್ಟಿತ್ತು. ಯಾಕೆ ಹೀಗೆ ಎಂದು ಮಕ್ಕಳು ಕೇಳಿದರೆ, "ಎಡಗೈಗೆ ವಯಸ್ಸಾಯ್ತು, ಬಲಗೈ ಇನ್ನೂ ಹುಡುಗ ಕಣ್ಲಾ" ಎನ್ನುತ್ತಿದ್ದರು. ಆ ಕೈಯ ಅಡುಗೆ ಉಣ್ಣದವರು ನಮ್ಮ ತಿಪಟೂರು ಸೀಮೆಯಲ್ಲಿ ಸಿಗುವುದು ಕಷ್ಟವಿತ್ತು. ಎಲ್ಲರ ಬಾಯಲ್ಲೂ ಅವರು ಅಡುಗೆ ಅಯ್ನೋರು. ನನಗೆ ಅವರೊಬ್ಬ ಗುರು, ಅಡುಗೆ ಮಾತ್ರ ಕಲಿಸದ ಗುರು.

ಎಮರ್ಜೆನ್ಸಿ ಮುಗಿದ ಹೊಸತು. ತುಮಕೂರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತು ಬಂದು, ತಿಪಟೂರಿನಲ್ಲಿ ನನ್ನ ಸೋದರಮಾವನ ಕೊಬ್ಬರಿ ಅಂಗಡಿಯ ಪಕ್ಕದ ಖಾಲಿ ಕೋಣೆಯಲ್ಲಿ ಸ್ವಂತ ಸ್ಟುಡಿಯೋ ತೆರೆದಿದ್ದೆ. ಗೋಡೆಗೆ ಒಂದು ಪರದೆ, ಪರದೆಯ ಮೇಲೆ ಕೊಳ, ಕೊಳದಲ್ಲಿ ನಾನೇ ಬರೆದ ಹಂಸ. ನೋಡಿದವರೆಲ್ಲ ಅದನ್ನು ಬಾತುಕೋಳಿ ಎಂದು ಹೊಗಳುತ್ತಿದ್ದರು. ಮಾವ ಒಳ್ಳೆಯವರೇ, ಆದರೆ ಕೋಣೆಯ ಮೇಲೆ ಅವರಿಗೆ ಕಣ್ಣಿತ್ತು. "ಯುಗಾದಿ ತನಕ ನೋಡಪ್ಪ. ಅಷ್ಟ್ರೊಳಗೆ ಯಾಪಾರ ಹತ್ಲಿಲ್ಲ ಅಂದ್ರೆ ಇಲ್ಲಿ ಕೊಬ್ರಿ ತುಂಬ್ತೀನಿ, ನೀನು ಬಿಳಿಗೆರೆಗೆ ಹೋಗಿ ನಿಮ್ಮಪ್ಪನ ಜೊತೆ ತೋಟ ನೋಡ್ಕೊ" ಎಂದಿದ್ದರು.

ನನ್ನನ್ನು ಹುಡುಕಿಕೊಂಡು ಜನ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿದ್ದರು, ಆದರೆ ಸಾವಿನ ಮನೆಯಿಂದ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದ ಹಿರಿಯರು ಆಗ ಹಳ್ಳಿಗಳಲ್ಲಿ ಬೇಕಾದಷ್ಟಿದ್ದರು. ಅಂಥವರು ತೀರಿಕೊಂಡು, ನಮ್ಮ ಕಡೆಯ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು ಹೂವು ಹಾಕಿದ ಮೇಲೆ ಮನೆಯಲ್ಲಿ ಯಾರಿಗಾದರೂ ನೆನಪಾಗುತ್ತಿತ್ತು: ಒಂದು ಫೋಟೋ ಕೂಡ ಇಲ್ಲವಲ್ಲ ಎಂದು. ತಕ್ಷಣ ತಿಪಟೂರಿಗೆ ಸೈಕಲ್ ಓಡುತ್ತಿತ್ತು. ನಾನು ಹೋಗಿ ತೆಗೆದು, ಆಮೇಲೆ ಪ್ರಿಂಟಿನ ಮೇಲೆ ಸಣ್ಣ ಕುಂಚ ಹಿಡಿದು, ಮುಚ್ಚಿದ ರೆಪ್ಪೆಯ ಜಾಗದಲ್ಲಿ ತೆರೆದ ಕಣ್ಣು ಬರೆಯುತ್ತಿದ್ದೆ. ಸತ್ತವರ ಹೆಸರಿನಲ್ಲಿ ನಡೆಯುವ ಶಿವಗಣಾರಾಧನೆಯ ಊಟದ ಹೊತ್ತಿಗೆ ಅಜ್ಜ ಗಾಜಿನ ಕಟ್ಟಿನೊಳಗೆ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದ.

ಈ ಕೆಲಸ ನನ್ನ ಕೈಗೆ ಚೆನ್ನಾಗಿ ಒಗ್ಗಿಬಿಟ್ಟಿತು, ಅದೇ ಮುಳುವಾಯಿತು. 'ಸತ್ತೋರ ಕಣ್ಣು ಬಿಡ್ಸೋ ಹುಡುಗ' ಎಂದು ಸುತ್ತಲ ಹಳ್ಳಿಗಳಲ್ಲಿ ಹೆಸರು ಹರಡಿತು. ಹೆಣದ ಮುಂದೆ ನಿಂತ ಕ್ಯಾಮೆರಾವನ್ನು ಹಸೆಮಣೆಯ ಮುಂದೆ ನಿಲ್ಲಿಸಲು ಯಾರಿಗೂ ಮನಸ್ಸಿಲ್ಲ. ಮದುವೆಗಳಿಗೆ ಅರಸೀಕೆರೆಯಿಂದ ಫೋಟೋದವರು ಬರುತ್ತಿದ್ದರು, ನಾನು ಬಾಗಿಲಲ್ಲಿ ಕೂತು ಅವರು ಬಸ್ಸು ಇಳಿಯುವುದನ್ನು ನೋಡುತ್ತಿದ್ದೆ. ನೋಡಿ ನೋಡಿ ನನಗೇ ನಂಬಿಕೆ ಬಂದಿತ್ತು, ನನ್ನಲ್ಲೇ ಏನೋ ಅಪಶಕುನವಿದೆ ಎಂದು. ಯಾರ ಮನೆಗೆ ಹೋದರೂ ಹಿತ್ತಿಲ ಬಾಗಿಲಿನಿಂದ ನುಸುಳುತ್ತಿದ್ದೆ. ನನ್ನದು ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ; ತಲೆ ತಗ್ಗಿಸಿ ನಿಲ್ಲುವವನಿಗೆ ಅದಕ್ಕಿಂತ ಒಳ್ಳೆಯ ನೆಪ ಬೇರೆ ಬೇಕಿರಲಿಲ್ಲ.

ಹಾಲ್ಕುರಿಕೆಯ ಒಂದು ದೊಡ್ಡ ಮನೆಯಲ್ಲಿ ಯಜಮಾನರು ತೀರಿಕೊಂಡಿದ್ದರು. ಅವರ ಫೋಟೋಗೂ ಕಣ್ಣು ಬರೆದು, ಕಟ್ಟು ಹಾಕಿಸಿ, ಶಿವಗಣಾರಾಧನೆಯ ಬೆಳಗ್ಗೆ ತೆಗೆದುಕೊಂಡು ಹೋದೆ. ವಾಡಿಕೆಯಂತೆ ಹಿತ್ತಿಲಿನಿಂದ. ಹಿತ್ತಿಲ ತುಂಬ ಒಲೆಗಳು ಉರಿಯುತ್ತಿದ್ದವು, ಮಧ್ಯದಲ್ಲಿ ಅಯ್ನೋರು ಹುಗ್ಗಿ ತಿರುವುತ್ತ ನಿಂತಿದ್ದರು. ಅದುವರೆಗೆ ಅವರ ಅಡುಗೆ ಉಂಡಿದ್ದೆನೇ ಹೊರತು ಮಾತಾಡಿಸಿದವನಲ್ಲ.

"ಯಾರ್ಲಾ ಅದು, ಕೋಳಿ ಕದಿಯೋನ ಥರ ಬತ್ತಾ ಇರೋದು?"

"ಫೋಟೋ ಅಯ್ನೋರೇ" ಎಂದೆ.

ಸೌಟು ಬಿಡದೆ ಎಡಗೈಯಲ್ಲಿ ಫೋಟೋ ಇಸಿದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಹುಗ್ಗಿ ತಳ ಹಿಡಿಯುತ್ತದೇನೋ ಎಂದು ನನಗೇ ದಿಗಿಲಾಯಿತು.

"ಯಜಮಾನ್ರು ಹಿಂಗೇ ನೋಡೋರು. ಉಪ್ಪು ಜಾಸ್ತಿ ಆಗೈತೆ ಅಂತ ಹೇಳೋಕ್ ಮುಂಚೆ ಹಿಂಗೇ ನೋಡೋರು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇಂಥ ಕೆಲ್ಸ ಮಾಡಿ ಹಿತ್ಲಿಂದ ಬತ್ತೀಯಲ್ಲೋ, ಹೋಗು, ಮುಂಬಾಗ್ಲಿಂದ ಬಾ" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಫೋಟೋ ನನ್ನ ಕೈಗಿತ್ತು, ಮನೆ ಸುತ್ತಿ ಬರುವ ಹಾಗೆ ಸೌಟಿನಿಂದಲೇ ದಾರಿ ತೋರಿಸಿದರು. ನಾನು ಹೋಗಿ ಮುಂಬಾಗಿಲಿನಿಂದ ಬಂದೆ.

ಕೆಲವು ತಿಂಗಳಲ್ಲೇ ಅದೇ ಮನೆಯಲ್ಲಿ ಮೊಮ್ಮಗಳ ಮದುವೆ ಗೊತ್ತಾಯಿತು. ಅಡುಗೆಗೆ ಅಯ್ನೋರೇ. ಹೆಣ್ಣಿನ ಅಪ್ಪನ ಹತ್ತಿರ ಏನು ಮಾತಾಡಿದರೋ, ಒಂದು ದಿನ ನನ್ನ ಸ್ಟುಡಿಯೋಗೆ ಬಂದು, ಬಾತುಕೋಳಿಯ ಮುಂದಿನ ಕುರ್ಚಿಯಲ್ಲಿ ಕೂತು ನಶ್ಯ ಏರಿಸಿ ಹೇಳಿದರು: "ಮದ್ವೆ ಫೋಟೋ ನಿಂದೇ. ಚಪ್ಪರದ ದಿನವೇ ಬಂದ್ಬುಡು."

"ಹಿಂದಿನ ದಿನ ನಂಗೇನು ಕೆಲಸ ಅಯ್ನೋರೇ?"

"ಕಾಯಿ ತುರಿಯೋದು."

ನಾನು ನಕ್ಕೆ. ಅವರು ನಗಲಿಲ್ಲ. ಚಪ್ಪರದ ದಿನ ಹೋದಾಗ ನಿಜವಾಗಿಯೂ ನನ್ನ ಮುಂದೆ ತುರಿಯುವ ಮಣೆ ಇಟ್ಟು, ಹೆಂಗಸರ ಸಾಲಿನಲ್ಲಿ ಕೂರಿಸಿದರು. ಕಾಯಿ ಹೋಳಿಗೆಗೆ ರಾಶಿ ರಾಶಿ ತೆಂಗಿನಕಾಯಿ. ಸಂಜೆಯೊಳಗೆ ಯಾರಿಗೆ ಯಾರು ಅತ್ತೆ, ಯಾರ ಜೊತೆ ಯಾರಿಗೆ ಮಾತಿಲ್ಲ, ಯಾವ ಚಿಕ್ಕಮ್ಮನಿಗೆ ಹಲ್ಲು ಮುಂದೆ ಬಂದಿದೆಯೆಂದು ನಾಚಿಕೆ, ಎಲ್ಲ ನನಗೆ ಗೊತ್ತಾಗಿಹೋಗಿತ್ತು. ನಾನು ಬಿಳಿಗೆರೆಯವನು, ನನಗಿನ್ನೂ ಮದುವೆಯಾಗಿಲ್ಲ ಎಂಬುದು ಅವರಿಗೂ ಗೊತ್ತಾಗಿ, ಇಬ್ಬರು ಮೂವರು ಹೆಣ್ಣುಗಳ ಪ್ರಸ್ತಾಪವೂ ಆಗಿತ್ತು. ಮಣೆಯಿಂದ ಏಳುವಾಗ ಸೊಂಟ ಹಿಡಿದಿತ್ತು, ಆದರೆ ಆ ಮನೆಯಲ್ಲಿ ನಾನು ಅಪರಿಚಿತನಾಗಿ ಉಳಿದಿರಲಿಲ್ಲ.

ಧಾರೆಯ ಬೆಳಗ್ಗೆ ಕ್ಯಾಮೆರಾ ಹಿಡಿದು ಚಪ್ಪರದೊಳಗೆ ಬಂದೆ. ಹೆಣ್ಣಿನ ದೊಡ್ಡಪ್ಪ ಆಗಷ್ಟೇ ಹುಳಿಯಾರಿನಿಂದ ಬಂದಿಳಿದಿದ್ದರು. ತೀರಿಕೊಂಡ ಯಜಮಾನರ ಹಿರಿಯ ಮಗ ಅವರು. ನನ್ನ ಮುಖ ನೋಡಿದವರೇ ಗುರುತು ಹಿಡಿದರು.

"ಇವನು ಅಪ್ಪನ ಫೋಟೋ ತೆಗ್ದೋನಲ್ವಾ? ಅದೇ ಕ್ಯಾಮೆರಾನ ಹಸೆಮಣೆ ಮುಂದೆ ತಂದವ್ನಾ? ಬೇಡಪ್ಪ. ಬೇಜಾರ್ ಮಾಡ್ಕೋಬೇಡ, ಎತ್ಕೊಂಡು ಹೊಂಟೋಗು."

ಹೆಣ್ಣಿನ ಅಪ್ಪ ಅಣ್ಣನ ಮುಂದೆ ಬಾಯಿ ಬಿಡಲಿಲ್ಲ.  ಈ ಮಾತು ಬಂದೇ ಬರುತ್ತದೆಂದು ಕಾದಿದ್ದವನ ಹಾಗೆ ನಾನು ಚೀಲಕ್ಕೆ ಕ್ಯಾಮೆರಾ ತುಂಬಿದೆ. ಅಲ್ಲಿಂದ ಹೊರಟರೆ ನೇರ ಬಿಳಿಗೆರೆಯ ತೋಟಕ್ಕೇ ಎಂಬುದು ನನಗೆ ಖಾತ್ರಿಯಾಗಿತ್ತು. ಸುದ್ದಿ ನನಗಿಂತ ಮುಂಚೆ ತಿಪಟೂರು ಸೇರುತ್ತಿತ್ತು, ಇನ್ನು ಯುಗಾದಿಗೆ ಕಾಯುವ ಅಗತ್ಯವೂ ಇರಲಿಲ್ಲ.

"ಎಲ್ಲಿಗ್ಲಾ ಹೊಂಟೆ?"

ಅಯ್ನೋರು ಪಾಯಸ ತೊಟ್ಟಿಕ್ಕುವ ಸೌಟು ಹಿಡಿದುಕೊಂಡೇ ಚಪ್ಪರಕ್ಕೆ ಬಂದಿದ್ದರು. ಯಾರೋ ವಿಷಯ ಹೇಳಿದರು. ಅವರು ದೊಡ್ಡಪ್ಪನ ಮುಂದೆ ಹೋಗಿ ನಿಂತು, "ಹಂಗಾದ್ರೆ ತಡೀರಿ, ನಾನೂ ಪಾತ್ರೆ ಇಳಿಸ್ಬುಟ್ಟು ಹೊಂಡ್ತೀನಿ" ಎಂದರು.

"ನೀವ್ಯಾಕೆ ಅಯ್ನೋರೇ? ನಿಮ್ಗೇನಂದೆ ನಾನು?"

"ನಿಮ್ಮಪ್ಪಾರ ಶಿವಗಣಾರಾಧನೆಗೆ ಹುಗ್ಗಿ ತಿರುವಿದ್ದು ಇದೇ ಸೌಟು ಕಣ್ರೀ. ಮತ್ತೆ ಮತ್ತೆ ಹಾಕುಸ್ಕೊಂಡು ಉಂಡ್ರಿ. ಅದೇ ಸೌಟು ಈಗ ಮಗೀನ ಮದ್ವೆ ಪಾಯ್ಸದಾಗೆ ಐತೆ. ಸೌಟಿಗಿಲ್ಲದ ಸೂತ್ಕ ಕ್ಯಾಮ್ರಾಕ್ಕೆ ಎಲ್ಲಿಂದ ಬಂತು? ಲಿಂಗ ಕಟ್ಕೊಂಡಿರೋ ನಮ್ಗೆ ಸೂತ್ಕ ಇಲ್ಲ ಅಂತ ಮಠದಾಗೆ ಸ್ವಾಮಿಗಳು ಹೇಳ್ದಾಗ ಎಲ್ರಿಗಿಂತ ಮುಂದೆ ಕೂತು ತಲೆ ಆಡ್ಸಿದ್ದು ನೀವಲ್ವಾ?"

 ಮದುವೆ ದಿನ ಅಡುಗೆಯವನು ಒಲೆ ಬಿಟ್ಟು ಹೊರಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆಗ ಬಾಗಿಲ ಒಳಗಿನಿಂದ ಅಜ್ಜಿಯ ದನಿ ಬಂತು. ತೀರಿಕೊಂಡ ಯಜಮಾನರ ಹೆಂಡತಿ. ಮದುವೆಮನೆಯ ಗಲಾಟೆಗೆ ಬರದೆ ಅಲ್ಲೇ ಮೂಲೆಯಲ್ಲಿ ಕೂತಿದ್ದರು.

"ದಿನಾ ಎದ್ದು ನಾನು ನೋಡೋದು ಆ ಮಗ ತೆಗ್ದಿರೋ ಫೋಟೋನೇ ಕಣಪ್ಪ. ಅದಿಲ್ದಿದ್ರೆ ನಿಮ್ಮಪ್ಪನ ಮೊಖ ನಂಗೆ ಇಷ್ಟೊತ್ಗೆ ಮಸುಕಾಗೋಗಿರೋದು. ನನ್ನ ಮೊಮ್ಮಗಳ ಮೊಖಾನೂ ಅವ್ನೇ ತೆಗೀಲಿ ಬುಡು."

ದೊಡ್ಡಪ್ಪ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. "ನಂದೇನೈತೆ, ತೆಗೀಲಿ" ಎಂದಷ್ಟೇ ಹೇಳಿ ಕೂತರು. ಅಯ್ನೋರು ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆಯೇ ಗದರಿದರು. "ನಾನು ನಾಚ್ಕೊಂಡು ಬಡಿಸಿದ್ರೆ ಜನ ಹೊಟ್ಟೆ ತುಂಬ ಉಣ್ತಾರೇನ್ಲಾ? ನೀನು ಮುದುರ್ಕೊಂಡು ನಿಂತ್ರೆ ಅವ್ರೂ ಮುದುರ್ಕೊಂಡೇ ನಿಲ್ತಾರೆ. ಕೂರ್ಸು ಎಲ್ರನ್ನೂ. ಕೂತ್ಕೊತೀರಾ ಅಂತ ಕೇಳ್ಬೇಡ, ಕೂತ್ಕೊಳ್ಳಿ ಅನ್ನು."

ನಾನು ಅಂದೆ. ಮೊದಲು ಅಂದದ್ದು ದೊಡ್ಡಪ್ಪನಿಗೇ: "ದೊಡ್ಡಪ್ನೋರೇ, ಅಜ್ಜಿನ ಕರ್ಕೊಂಡ್ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ."  ಅವರು ಎದ್ದು ಒಳಗೆ ಹೋಗಿ ತಾಯಿಯ ಕೈ ಹಿಡಿದು ಕರೆತಂದರು. ಹಿಂದಿನ ದಿನ ನನ್ನ ಜೊತೆ ಕಾಯಿ ತುರಿದ ಹೆಂಗಸರು ನಾನು ಹೇಳುವ ಮೊದಲೇ ಸಾಲಾಗಿ ನಿಂತಿದ್ದರು. ಹಲ್ಲು ಮುಂದೆ ಬಂದ ಚಿಕ್ಕಮ್ಮನನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿದೆ. ಆ ಫೋಟೋದಲ್ಲಿ ಇಡೀ ಮನೆ ನಗುತ್ತಿದೆ, ಅಂಥ ನಗುವನ್ನು ಅರಸೀಕೆರೆಯವರು ತೆಗೆದ ಒಂದು ಫೋಟೋದಲ್ಲೂ ನಾನು ಕಂಡಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆಂದರೆ ಹಾಗೇ ಇರಲಿ.

ಆ ಯುಗಾದಿಗೆ ಮಾವ ಕೊಬ್ಬರಿ ತುಂಬಲಿಲ್ಲ. ಬದಲಿಗೆ ಸಂಸಾರ ಸಮೇತ ಬಂದು ಫೋಟೋ ತೆಗೆಸಿಕೊಂಡು ಹೋದರು. ಅಯ್ನೋರ ಜೊತೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಎಷ್ಟೋ ಮದುವೆಗಳಿಗೆ ಹೋದೆ, ಪ್ರತಿ ಸಲವೂ ಚಪ್ಪರದ ದಿನವೇ ಹೋಗಿ ಕಾಯಿ ತುರಿದೆ. ಕೊಬ್ಬರಿ ಮಾರಲು ತಿಪಟೂರಿಗೆ ಬಂದವರು ನನ್ನ ಬೆಂಚಿನ ಮೇಲೆ ಚೀಲ ಇಟ್ಟು ಹೋಗುವುದು ವಾಡಿಕೆಯಾಯಿತು. ಫೋಟೋ ತೊಳೆದಾಯಿತೇ ಎಂದು ಕೇಳಲು ಬಂದವರು ಅಲ್ಲೇ ಪರಿಚಯವಾಗಿ ಬೀಗರಾದದ್ದೂ ಉಂಟು. ನನ್ನ ಹೆಂಡತಿಯ ಮನೆಯವರು ಸಿಕ್ಕಿದ್ದೂ ಒಂದು ತುರಿಯುವ ಮಣೆಯ ಪಕ್ಕದಲ್ಲೇ.

ಅಯ್ನೋರನ್ನು ದೇವರು ಮಾಡಲು ಹೊರಟಿಲ್ಲ. ಅವರಿಗೆ ಜಂಬ ಜಾಸ್ತಿ. ಸಿಟ್ಟು ಬಂದರೆ ಮದುಮಗನ ಅಪ್ಪನನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಒಂದು ಮದುವೆಯಲ್ಲಿ ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲ. ಜನ ಎಲೆಯ ಮುಂದೆ ಮುಖ ಮುಖ ನೋಡಿಕೊಳ್ಳುವಾಗ ಉಪ್ಪಿನ ಬಟ್ಟಲು ಹಿಡಿದು ಸಾಲಿನ ನಡುವೆ ಬಂದು, "ಒಬ್ಬೊಬ್ರಿಗೆ ಒಂದೊಂದ್ ಹದ, ಅದ್ಕೇ ನಿಮ್ ಕೈಗೇ ಬುಟ್ಟಿವ್ನಿ" ಎಂದು ಗಂಭೀರವಾಗಿ ಬಡಿಸಿದರು. ಮರೆತೆ ಎಂದು ನನ್ನ ಹತ್ತಿರವೂ ಒಪ್ಪಿಕೊಳ್ಳಲಿಲ್ಲ.

ಅವರು ತೀರಿಕೊಂಡದ್ದು ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಮದುವೆಯ ದಿನಗಳ ನಡುವೆ. ಬೆಳಗ್ಗೆ ಅವರ ಮಗ ಬಂದು ಹೇಳಿದಾಗ ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು, ಸಂಜೆ ತುರುವೇಕೆರೆಯಲ್ಲಿ ಆರತಕ್ಷತೆ ಇದ್ದುದರಿಂದ ಅದನ್ನು ಒರೆಸುತ್ತಿದ್ದೆ. ಹೋದೆ. ವಿಭೂತಿ ಹಚ್ಚಿ, ಹೂವು ಹಾಕಿ ಕೂರಿಸಿದ್ದರು. ತೆಗೆದೆ. ಮಣ್ಣು ಮುಗಿಸಿಕೊಂಡು ಅಲ್ಲಿಂದಲೇ ತುರುವೇಕೆರೆ ಬಸ್ಸು ಹತ್ತಿದೆ.

ಅಷ್ಟು ವರ್ಷಗಳಲ್ಲಿ ಸಾವಿನ ಮನೆಯಿಂದ ನೇರ ಮದುವೆಮನೆಗೆ ಹೋದದ್ದು ಅದೇ ಮೊದಲು. ಹೇಳದೆ ಇದ್ದುಬಿಡಬಹುದಿತ್ತು. ಆದರೆ ಅಯ್ನೋರ ಸಾವನ್ನು ಬಚ್ಚಿಟ್ಟುಕೊಂಡು ಒಳಗೆ ಹೋಗುವುದು ನನ್ನಿಂದ ಆಗಲಿಲ್ಲ. ಚಪ್ಪರದ ಮುಂದೆ ನಿಂತಿದ್ದ ಹೆಣ್ಣಿನ ಅಪ್ಪನಿಗೆ ಹೇಳಿದೆ: "ಅಡುಗೆ ಅಯ್ನೋರು ಹೋಗ್ಬುಟ್ರು. ಮಣ್ಣು ಮಾಡಿ ಬತ್ತಾ ಇದೀನಿ. ಇದೇ ಕ್ಯಾಮೆರಾದಲ್ಲಿ ಅವರ ಫೋಟೋನೂ ತೆಗ್ದಿದೀನಿ."

 ಅವರು ನನ್ನ ಹೆಗಲಿನಿಂದ ಚೀಲ ತೆಗೆದು ತಾವೇ ಹಿಡಿದುಕೊಂಡರು. "ನಮ್ಮಪ್ಪನ ಕಾರ್ಯಕ್ಕೂ ಅವರೇ ಬೇಯ್ಸಿದ್ದು, ನನ್ನ ಮದ್ವೆಗೂ ಅವರೇ. ಬೆಳಗ್ಗಿಂದ ಏನೂ ತಿಂದಿಲ್ಲ ಅಂತ ಮೊಖ ನೋಡಿದ್ರೇ ಗೊತ್ತಾಗ್ತೈತೆ. ಕೈಕಾಲು ತೊಳ್ಕೊಂಡು ಮೊದ್ಲು ಉಣ್ಣಿ. ಗಂಡು ಹೆಣ್ಣು ಕಾಯ್ಲಿ ಬುಡಿ" ಎಂದರು.

ಊಟದ ಸಾಲಿನಲ್ಲಿ ಕೂತೆ. ಎಲೆಗೆ ಅನ್ನ ಬಿತ್ತು. ಅದುವರೆಗೆ ತಡೆದಿದ್ದ ಅಳು ಅಲ್ಲಿ, ಸುಣ್ಣ ಬಳಿದ ಮದುವೆಮನೆಯ ಜಗಲಿಯಲ್ಲಿ, ನಾಲ್ಕು ಜನರ ನಡುವೆ ಬಂದುಬಿಟ್ಟಿತು. ಯಾರೂ ಅಪಶಕುನ ಎನ್ನಲಿಲ್ಲ, ಯಾರೂ ಏಳು ಎನ್ನಲಿಲ್ಲ. ಬಡಿಸುತ್ತಿದ್ದ ಹೆಂಗಸು ನನ್ನ ಮುಂದೆ ನಿಂತು, "ನಿಧಾನಕ್ಕೆ ಉಣ್ಣಪ್ಪ" ಎಂದು ಅನ್ನದ ಮೇಲೆ ಇನ್ನಷ್ಟು ತುಪ್ಪ ಬಡಿಸಿದಳು.