ಕೊರಳ ಮೇಲಿನ ಸುಳಿ

ನಮ್ಮ ಅಬ್ಬಾ ರಾಣೇಬೆನ್ನೂರಿನ ಸ್ಟೇಶನ್ ಮುಂದೆ ಟಾಂಗಾ ಹೊಡೆಯುತ್ತಿದ್ದರು. ಎಂಬತ್ತರ ದಶಕದಲ್ಲಿ ಅವರಿಗೆ ಕಾಲು ನೊಂದ ರೇಸಿನ ಹೆಣ್ಣುಕುದುರೆಯೊಂದು ಸಿಕ್ಕಿತು. ಜೊತೆಗೆ ಅದರ ವಂಶಾವಳಿಯ ಕಾಗದವೂ ಬಂತು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ಕಾಲೇಜಿಗೆ ಹೋಗುತ್ತಿದ್ದ ನಾನೊಬ್ಬಳೇ. ಕುದುರೆಯ ಅಪ್ಪ, ಅಜ್ಜ, ಮುತ್ತಜ್ಜಿಯರ ಹೆಸರು, ‘ಮೊದಲ ದರ್ಜೆ’ ಎಂಬ ಷರಾ, ಎಲ್ಲವನ್ನೂ ಓಣಿಗೇ ಕೇಳುವಂತೆ ಓದಿದೆ.

“ನಮ್ಮ ಮುತ್ತಜ್ಜನ ಹೆಸರು ನಮಗ ಗೊತ್ತಿಲ್ಲ. ಇದರ ಐದು ತಲೆಮಾರು ಬರದಿಟ್ಟಾರ ನೋಡು!” ಎಂದು ಅಬ್ಬಾ ನಕ್ಕರು.

ಕೆಳಗೆ ಕುದುರೆಯ ಚಿತ್ರವಿತ್ತು, ಅದರ ಮೇಲೆ ಸಣ್ಣ ಗುಣಾಕಾರದ ಗುರುತುಗಳು. ಅವೇನೆಂದು ನಾನು ನೋಡಲೇ ಇಲ್ಲ.

ಮದುವೆಯ ಮೆರವಣಿಗೆಗೂ ಅದನ್ನು ಬಾಡಿಗೆಗೆ ಒಯ್ಯುತ್ತಿದ್ದೆವು. ಬ್ಯಾಡಗಿಯ ಮದುವೆಯೊಂದರಲ್ಲಿ ಮದುಮಗ ಹತ್ತುವ ಹೊತ್ತಿಗೆ ಹಿರಿಯರೊಬ್ಬರು ಕುದುರೆಯ ಕೊರಳಲ್ಲಿ ಅಪಶಕುನದ ಕೂದಲ ಸುಳಿ ಕಂಡು ವಾಪಸು ಕಳಿಸಿದರು. ಆಮೇಲೆ ಯಾರೂ ಕರೆಯಲಿಲ್ಲ. ನಮ್ಮ ಕಡೆ ಇದಕ್ಕೆ ಉಪಾಯವಿತ್ತು: ಲಾಳ ಕಟ್ಟುವವರು ಕಬ್ಬಿಣ ಕಾಯಿಸಿ ಸುಳಿಯನ್ನು ಸುಟ್ಟುಬಿಡುತ್ತಿದ್ದರು. ನಮ್ಮ ಕುದುರೆಯದನ್ನೂ ಸುಡಿಸಿದ ದಿನ ಅದರ ತಲೆ ಹಿಡಿದು ನಿಂತವಳು ನಾನೇ.

ಮುಂದೆ ಕುದುರೆ ಸಾಕುವ ಫಾರ್ಮೊಂದರ ಜಾತಿ ಗಂಡುಕುದುರೆಯಿಂದ ಅದಕ್ಕೊಂದು ಹೆಣ್ಣುಮರಿ ಹುಟ್ಟಿತು. ಮರಿಯ ಹೆಸರು ತಳಿಯ ರಿಜಿಸ್ಟರಿಗೆ ಏರಿದರೆ ಫಾರ್ಮಿನವರು ರೇಸಿಗೆ ಒಯ್ಯುವವರಿದ್ದರು. “ಅವ್ವ ಟಾಂಗಾ ಎಳದ್ಲು, ಮಗಳು ಎಳೀಬಾರದು,” ಎಂದು ಅಬ್ಬಾ ಹಟ ಹಿಡಿದಿದ್ದರು.

ತಪಾಸಣೆಗೆ ಬೆಂಗಳೂರಿನಿಂದ ಅಧಿಕಾರಿ ಬಂದರು. ಮೊದಲು ತಾಯಿ ಆ ಕಾಗದದಲ್ಲಿರುವ ಕುದುರೆಯೇ ಎಂದು ಖಾತ್ರಿಯಾಗಬೇಕಿತ್ತು. ಹಣೆಯ ಬಿಳಿ ಚುಕ್ಕೆ ತಾಳೆಯಾಯಿತು. ಹಿಂಗಾಲಿನ ಬಿಳುಪೂ ತಾಳೆಯಾಯಿತು. ಆಮೇಲೆ ಅವರ ಬೆರಳು ಚಿತ್ರದ ಕೊರಳ ಮೇಲಿದ್ದ ಗುಣಾಕಾರದ ಮೇಲೆ ನಿಂತಿತು.

“ಇಲ್ಲಿ ಸುಳಿ ಇರಬೇಕಲ್ಲ?”

ಅಲ್ಲಿ ಕೂದಲಿಲ್ಲದ ಸುಟ್ಟ ಚರ್ಮವಷ್ಟೇ ಇತ್ತು.

“ಇತ್ರಿ ಸಾಹೇಬ್ರ, ಖರೇನ ಇತ್ತು. ನಾವ ಸುಡಿಸೇವ್ರಿ,” ಎಂದರು ಅಬ್ಬಾ.

“ಕುದುರೆ ಬದಲಾಯಿಸುವವರೂ ಹೀಗೇ ಸುಡುತ್ತಾರೆ.”

ಮರಿಯನ್ನು ಎಳೆದು ತಂದು, ಅದರ ಕೊರಳಲ್ಲೂ ಅದೇ ಜಾಗದಲ್ಲಿದ್ದ ಸುಳಿಯನ್ನು ತೋರಿಸಿದೆ. “ಮರಿಯದಲ್ಲಮ್ಮ, ತಾಯಿಯದು ತೋರಿಸಿ,” ಎಂದು ಅವರು ಮರಿಯ ಹೆಸರು ಬರೆಯದೆ ಪೆನ್ನು ಮುಚ್ಚಿದರು.

ಓದಿದವಳೆಂಬ ನನ್ನ ಜಂಬಕ್ಕೆ ಬೆಂಕಿ ಬೀಳಲಿ! ಅಬ್ಬಾ ಬೈದಿದ್ದರೆ ಚೆನ್ನಾಗಿತ್ತು.

ಮೂರು ವರ್ಷಕ್ಕೆ ಮರಿಯನ್ನು ಟಾಂಗಾಕ್ಕೆ ಹೂಡಿದರು. ಮೊದಲ ದಿನವೇ ಹತ್ತಲು ಬಂದ ಗಿರಾಕಿ ಸುಳಿ ಕಂಡು ಕಾಲು ಹಿಂದೆ ತೆಗೆದ. “ಇದನ್ನ ಲಗೂನ ಸುಡಸ್ರಿ, ಚಾಚಾ.”

“ನೀವು ಬ್ಯಾರೆ ಟಾಂಗಾ ನೋಡ್ಕೋರಿ,” ಎಂದ ಅಬ್ಬಾ, ಆತ ಹೋಗುವವರೆಗೂ ಆ ಸುಳಿಯ ಮೇಲೆ ಅಂಗೈ ಮುಚ್ಚಿಕೊಂಡೇ ನಿಂತಿದ್ದರು.