ಮಳೆರಾಯನಿಗೆ ಒಂದೇ ಲೋಟ

ಮಧುಗಿರಿ ಬಸ್ ಸ್ಟ್ಯಾಂಡಿನ ಪಕ್ಕ ಗೊಬ್ಬರದ ಅಂಗಡಿ ಇಟ್ಟಿದ್ದ ನಂದೀಶ್ವರಯ್ಯನವರ ಹತ್ತಿರ ಎರಡು ಛತ್ರಿಗಳಿದ್ದವು. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಮಳೆ ಅನ್ನುವುದು ದೊಡ್ಡ ಮನೆ ನೆಂಟರ ಹಾಗೆ ಬಾಗಿಲಲ್ಲೇ ಮುಖ ತೋರಿಸಿ ಹೋಗಿಬಿಡುವ ಊರಿದು. ಇಲ್ಲಿ ಎರಡು ಛತ್ರಿ ಯಾಕೆ ಸ್ವಾಮಿ ಅಂತ ಯಾರಾದರೂ ಕೇಳಿದರೆ, "ಅಂಗಡೀಲಿದ್ದಾಗ ಬಂದ್ಬುಟ್ರೆ?" ಅನ್ನುತ್ತಿದ್ದರು. ಮನೆಗೂ ಅಂಗಡಿಗೂ ನಡುವೆ ಇದ್ದದ್ದು ಒಂದೇ ಬೀದಿ.

ಬಾಗಿಲಿಗೆ ಎರಡು ಬೀಗ. ಪ್ರತಿ ಬೀಗಕ್ಕೂ ಎರಡು ಕೀಲಿಕೈ, ಒಂದು ಅವರ ಉಡಿದಾರದಲ್ಲಿ, ಇನ್ನೊಂದು ಹೆಂಡತಿ ಜಗದಾಂಬ ಅವರ ಸೆರಗಿನ ಗಂಟಿನಲ್ಲಿ. ತುಮಕೂರಿಗೆ ಹೋಗಬೇಕಾದರೆ ಬಸ್ಸು ಹೊರಡುವ ಒಂದು ಗಂಟೆ ಮೊದಲೇ ಹೋಗಿ ನಿಲ್ಲುವರು. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರು ಮಧುಗಿರಿಯಲ್ಲಿ ಇರಲಿಲ್ಲ. ಒಂದು ಸಲ ಎರಡು ಸೀಟಿಗೆ ಎರಡು ಟವೆಲ್ ಎಸೆದಿದ್ದರು. ಕಂಡಕ್ಟರು, "ಅಯ್ಯನೋರೆ, ಎರಡ್ರಾಗೂ ನೀವೇ ಕುಂತ್ಕೊಂತೀರಾ?" ಅಂದಿದ್ದಕ್ಕೆ, "ಒಂದು ಸೀಟು ಹರಿದೋಗಿದ್ರೆ?" ಅಂದರಂತೆ.

ಇಂಥ ಮನುಷ್ಯನಿಗೆ ವಿಮಾನ ಹತ್ತುವ ಯೋಗ ಬಂತು.

ಎಂಬತ್ತರ ದಶಕದ ನಡುವಿನ ಮಾತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿ ಯಾರು ಹೆಚ್ಚು ಗೊಬ್ಬರ ಮಾರುತ್ತಾರೋ ಅವರಿಗೆ ದಂಪತಿ ಸಮೇತ ಪ್ರವಾಸ ಅಂತ ಗೊಬ್ಬರದ ಕಂಪನಿ ಹೇಳಿತ್ತು. ಆ ವರ್ಷ ಗೆದ್ದವರು ನಂದೀಶ್ವರಯ್ಯನವರು. ಬೆಂಗಳೂರಿನಿಂದ ಕೊಚ್ಚಿಗೆ ಬೆಳಿಗ್ಗೆ ವಿಮಾನ. ಅದೇ ಮಧ್ಯಾಹ್ನ ಕೊಚ್ಚಿಯಿಂದ ಹಡಗು, ಸಮುದ್ರದ ಮೇಲೆ ದ್ವೀಪಗಳನ್ನು ಸುತ್ತಿಸಿಕೊಂಡು ಬರುತ್ತದೆ. ವಾಪಸ್ಸು ಮತ್ತೆ ವಿಮಾನ. ಕಂಪನಿಯ ಅಧಿಕಾರಿ ಹಾರ ಹಾಕಿ, ಟಿಕೆಟ್ಟುಗಳ ಜೊತೆ ಒಂದು ಮಾತನ್ನೂ ಹೇಳಿ ಹೋದ. "ಹಡಗು ಯಾರಿಗೂ ಕಾಯಲ್ಲ ಸಾರ್. ತಪ್ಪಿದ್ರೆ ತಪ್ತು."

ಹಾರದ ಘಮ ಹೋಗುವ ಮೊದಲೇ ಆ ಮಾತು ನಂದೀಶ್ವರಯ್ಯನವರ ಎದೆಯಲ್ಲಿ ಮುಳ್ಳಾಗಿ ಕೂತಿತು.

ಯಾಕೆಂದರೆ ಜಗದಾಂಬ ಅವರಿಗೆ ಸಮುದ್ರ ತೋರಿಸುತ್ತೇನೆಂದು ಅವರು ಮದುವೆಯಾದ ಹೊಸದರಲ್ಲಿ ಹೇಳಿದ್ದರು. ಆಕೆ ಪಾವಗಡದ ಕಡೆಯವರು. ನೀರೆಂದರೆ ಬಾವಿಯ ತಳದಲ್ಲಿ ಮಿನುಗುವ ಒಂದು ತುಂಡು ಆಕಾಶ ಅಂತ ತಿಳಿದು ಬೆಳೆದವರು. ಎತ್ತ ನೋಡಿದರೂ ನೀರಿರುವ ಜಾಗ ಇದೆಯಂತೆ ಅನ್ನುವುದೇ ಆಕೆಗೆ ಬೆರಗು. ಗೋಕರ್ಣಕ್ಕೆ ಹೋಗೋಣ ಅಂತ ಎಷ್ಟೋ ಸಲ ಗಂಟು ಕಟ್ಟಿದ್ದೂ ಆಯಿತು. ಒಂದು ವರ್ಷ ಘಾಟಿಯಲ್ಲಿ ಬಸ್ಸು ಉರುಳಿದರೆ ಅಂತ ನಿಂತಿತು, ಇನ್ನೊಂದು ವರ್ಷ ಊರಲ್ಲಿ ಕಳ್ಳರ ಕಾಟ ಅಂತ. ಮತ್ತೊಂದು ವರ್ಷ ನಂದೀಶ್ವರಯ್ಯನವರಿಗೆ ಸೀನು ಬಂತು, ಅಷ್ಟಕ್ಕೇ ನಿಂತಿತು. ಮಕ್ಕಳ ಮದುವೆಗಳೂ ಆಗಿಹೋದವು. ಗೋಕರ್ಣ ಇದ್ದಲ್ಲೇ ಇತ್ತು.

ಹಾಗಾಗಿ ಈ ಸಲ ತಪ್ಪಕೂಡದು. ತಪ್ಪಕೂಡದು ಅಂದಕೂಡಲೇ ನಂದೀಶ್ವರಯ್ಯನವರು ಮಾಡುವ ಕೆಲಸ ಒಂದೇ, ಅದಕ್ಕೊಂದು ಭದ್ರತೆ ಹುಡುಕುವುದು. ಜಗದಾಂಬ ಅವರ ತಮ್ಮ ನಾಗಲಿಂಗಯ್ಯನಿಗೆ ಹೇಳಿಕಳಿಸಿದರು.

ನಾಗಲಿಂಗಯ್ಯ ವಿಮೆ ಏಜೆಂಟು. ಅವನ ವ್ಯಾಪಾರವೆಲ್ಲ ದನ ಎಮ್ಮೆಗಳದ್ದು. ಚೀಲದಲ್ಲಿ ದನದ ಕಿವಿಗೆ ವಿಮೆಯ ಗುರುತಿನ ಬಿಲ್ಲೆ ಹೊಡೆಯುವ ಇಕ್ಕಳ ಯಾವಾಗಲೂ ಇರುತ್ತಿತ್ತು. ಆವತ್ತೂ ಅದನ್ನು ಮೇಜಿನ ಮೇಲಿಟ್ಟು, ಪಾಲಿಸಿ ಕಾಗದಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದ.

"ಭಾವ, ಇದು ವಿಮಾನ ಬಿದ್ರೆ ದುಡ್ಡು ಕೊಡೋದು."

"ಬಿದ್ಮೇಲೆ ಯಾರಿಗಯ್ಯ ಕೊಡ್ತಾರೆ?"

"ಅಕ್ಕಂಗೆ."

"ಅವಳೂ ನನ್ ಪಕ್ಕದಲ್ಲೇ ಕುಂತಿರ್ತಾಳಲ್ಲೋ."

ನಾಗಲಿಂಗಯ್ಯ ತಲೆ ಕೆರೆದುಕೊಂಡ. "ಹಂಗಾದ್ರೆ ಆಮೇಲಿನೋರಿಗೆ. ಮಕ್ಳು, ತಮ್ಮ, ಹಿಂಗೆ."

"ಅದುಕ್ಕೇ ಹೇಳಿಕಳಿಸಿದ್ ತಕ್ಷಣ ಓಡಿ ಬಂದಿದೀಯ," ಅಂದರು ಜಗದಾಂಬ, ಕಾಫಿ ಇಡುತ್ತಾ.

ಎರಡನೆಯದು ಪೆಟ್ಟಿಗೆ ಕಳೆದುಹೋದರೆ ಕೊಡುವಂಥದ್ದು. ಪೆಟ್ಟಿಗೆಯಲ್ಲಿ ಇರುವುದು ಚಟ್ನಿಪುಡಿ, ಚಕ್ಕುಲಿ, ಹೊಸದಾಗಿ ಹೊಲಿಸಿದ ಸಫಾರಿ ಸೂಟು. ಸಫಾರಿಯನ್ನು ಮೈಮೇಲೇ ಹಾಕಿಕೊಳ್ಳುವುದರಿಂದ ಚಕ್ಕುಲಿಗೆ ವಿಮೆ ಬೇಡ ಅಂತಾಯಿತು.

"ಮಳೆ ಬಂದು, ಮೋಡ ಕವಿದು ವಿಮಾನ ತಡ ಆದ್ರೆ?" ನಂದೀಶ್ವರಯ್ಯನವರು ಅಸಲು ವಿಷಯಕ್ಕೆ ಬಂದರು.

"ಅದುಕ್ಕೂ ಒಂದೈತೆ. ಬೆಂಗ್ಳೂರ್ ಆಫೀಸ್ನಾಗೆ ಹೊಸದಾಗಿ ಬಂದೈತೆ. ಹನ್ನೆರಡು ಗಂಟೆ ಮೇಲೆ ತಡ ಆದ್ರೆ ಕೊಡ್ತಾರೆ."

"ಹಡಗು ಹೊರಡೋದು ನಾವು ಇಳಿದು ನಾಲ್ಕು ಗಂಟೆ ಆದ್ಮೇಲೆ ಕಣಯ್ಯ. ಐದು ಗಂಟೆ ತಡ ಆದ್ರೆ?"

"ಐದು ಗಂಟೆಗೆ ಏನೂ ಬರಲ್ಲ."

"ಅಂದ್ರೆ ಹಡಗೂ ಇಲ್ಲ, ದುಡ್ಡೂ ಇಲ್ಲ."

"ತಡ ಆಗೋದಾದ್ರೆ ಪೂರ್ತಿ ತಡ ಆಗ್ಲಿ ಅಂತ ಕೈ ಮುಗೀರಿ ಭಾವ."

ನಂದೀಶ್ವರಯ್ಯನವರು ಇಕ್ಕಳವನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. "ಎಮ್ಮೆ ಸತ್ರೆ ಬಿಲ್ಲೆ ಸಮೇತ ಕಿವಿ ಕೊಯ್ದು ತಂದು ತೋರಿಸಿ ಅಂತೀಯ. ಹಡಗು ತಪ್ಪಿದ್ರೆ ಏನು ತೋರಿಸ್ಬೇಕಯ್ಯ?"

"ನಿಮ್ ಮುಖ ತೋರ್ಸಿದ್ರೆ ಸಾಕು, ಗೊತ್ತಾಗುತ್ತೆ," ಅಂದ ನಾಗಲಿಂಗಯ್ಯ.

ಜಗದಾಂಬ ಅಲ್ಲೇ ಗೋಡೆಗೆ ಒರಗಿ ನಿಂತರು. "ಇವೆಲ್ಲಾ ದುಡ್ಡು ಕೊಡೋವು. ಸಮುದ್ರ ಕೊಡೋದು ಯಾವ್ದಾದ್ರೂ ಐತೇನೋ?"

ಅಂಥದ್ದು ಇರಲಿಲ್ಲ.

"ಹಂಗಾದ್ರೆ ಹಿಂದಿನ ದಿನಾನೇ ರೈಲಲ್ಲಿ ಹೋಗಿ ಕುಂತ್ಕೊಳ್ಳೋಣ ಕಣ್ರಿ. ತುಮಕೂರು ಬಸ್ಸಿಗೆ ಒಂದ್ ಗಂಟೆ ಮುಂಚೆ ಹೋಗೋರು, ಹಡಗಿಗೆ ಒಂದ್ ದಿನ ಮುಂಚೆ ಹೋಗಕ್ಕೇನು?"

ನ್ಯಾಯವಾಗಿ ಇದು ನಂದೀಶ್ವರಯ್ಯನವರೇ ಆಡಬೇಕಾದ ಮಾತು. ಆದರೆ ಅಂಗಡಿಗೆ ಬಂದವರಿಗೆಲ್ಲ ಅವರು ವಿಮಾನದ ಸುದ್ದಿ ಹೇಳಿ ಆಗಿತ್ತು. ಮಿಡಿಗೇಶಿಯವರಿಗೆ ಒಂದು ಸಲ, ಕೊಳಾಲದವರಿಗೆ ಎರಡು ಸಲ. ಹುಲಿಕುಂಟೆಯ ಕಡೆ ಯಾರೂ ಗಿರಾಕಿಗಳಿರಲಿಲ್ಲ, ಅಲ್ಲಿಗೂ ಸುದ್ದಿ ಹೋಗಿತ್ತು. "ವಿಮಾನ ಬುಟ್ಟು ರೈಲಾ? ಈ ಸಫಾರಿ ಹಾಕ್ಕೊಂಡು ರೈಲಲ್ಲಿ ಕುಂತ್ಕೊಳ್ಳಾಕಾಯ್ತದಾ?" ಅಂದರು. ಕೊನೆಗೆ ತಡದ ಪಾಲಿಸಿಯನ್ನೇ ಆರಿಸಿದರು, ಹೋಗುವ ಪ್ರಯಾಣಕ್ಕೆ ಮಾತ್ರ. ಬರುವಾಗ ತಡವಾದರೆ ಹೋಗಿ ಸೇರುವುದು ಮನೆಗೆ ತಾನೇ, ಮನೆಯೇನು ಬಿಟ್ಟು ಹೊರಡುತ್ತದಾ ಅನ್ನುವುದು ಅವರ ಲೆಕ್ಕ.

ಪಾಲಿಸಿ ಬಂದ ಮೇಲೂ ಸಮಾಧಾನ ಬರಲಿಲ್ಲ. ಬೆಳಗಾದರೆ ಅಂಗಡಿ ಮುಂದೆ ನಿಂತು ಆಕಾಶ ನೋಡುವುದು, ಹಳ್ಳಿಯಿಂದ ಬಂದವರನ್ನೆಲ್ಲ "ನಿಮ್ ಕಡೆ ಮಳೆ ಬರೋ ಹಂಗೈತೇನಯ್ಯ?" ಅಂತ ಕೇಳುವುದು. ಆಗ ಹೊಲದಲ್ಲಿ ಕಡಲೆಕಾಯಿ ಕಾಯಿ ಕಟ್ಟುವ ಹೊತ್ತು, ಒಂದು ಮಳೆಗೆ ಎಲ್ಲರೂ ಬಾಯಿ ಬಿಡುತ್ತಿದ್ದರು. "ಇಲ್ಲ ಅಯ್ಯನೋರೆ, ಒಂದ್ ಹನೀನೂ ಇಲ್ಲ," ಅಂದರೆ ಇವರು ನಿಟ್ಟುಸಿರು ಬಿಡುವರು. ಆ ನಿಟ್ಟುಸಿರು ಜನರಿಗೆ ಮರುಕದ ಹಾಗೆ ಕೇಳುತ್ತಿತ್ತು. ನಮ್ಮ ಬೆಳೆ ಬಗ್ಗೆ ಎಷ್ಟು ಕಾಳಜಿ ನೋಡು ಅಂತ ಮಾತಾಡಿಕೊಂಡರು. ಪಾವಗಡದ ಕಡೆಯವನೊಬ್ಬ "ಅಯ್ಯಗಾರು ಚಾಲಾ ಮಂಚೋರು" ಅಂತ ತೆಲುಗಿನಲ್ಲೇ, ಬಹಳ ಒಳ್ಳೆಯವರು ಅಂತ ಹೊಗಳಿ, ಕೈ ಮುಗಿದು ಹೋದ. ನಂದೀಶ್ವರಯ್ಯನವರು ಮತ್ತೆ ಆಕಾಶದ ಕಡೆ ತಿರುಗಿದರು.

ಹೊರಡುವುದಕ್ಕೆ ನಾಲ್ಕೈದು ದಿನ ಇರುವಾಗ ಮಳೆರಾಯ ಬೀದಿಗೆ ಬಂದ.

ಮಳೆ ಕೈಕೊಟ್ಟಾಗ ಮಣ್ಣಿನಲ್ಲಿ ಮಳೆರಾಯನ ಮಾಡಿ, ಹಲಗೆ ಮೇಲಿಟ್ಟು, ಬೇವಿನ ಸೊಪ್ಪು ಸಿಕ್ಕಿಸಿ, ತಲೆ ಮೇಲೆ ಹೊತ್ತು ಮನೆ ಮನೆಗೆ ಬರುತ್ತಾರೆ. ಮನೆಯವರು ಬಿಂದಿಗೆ ನೀರು ಹುಯ್ಯಬೇಕು, ಹುಯ್ದ ಹಾಗೇ ಆಕಾಶದಿಂದ ಸುರಿಯಲಿ ಅಂತ. ಆ ವರ್ಷ ಹೊತ್ತಿದ್ದವನು ಕುರಿ ಕಾಯುವ ಹುಚ್ಚಣ್ಣ. ಅವನಿಗೆ ಮಿಡಿಗೇಶಿ ದಾರಿಯಲ್ಲಿ ತುಂಡು ಹೊಲವೂ ಇತ್ತು, ಹೊಲದಲ್ಲಿ ಕಡಲೆಕಾಯಿ ಇತ್ತು. ಬರಿ ಮೈಯಲ್ಲಿ, ತಲೆ ತಗ್ಗಿಸಿಕೊಂಡು, ಪ್ರತಿ ವರ್ಷದಂತೆ ಮೊದಲು ನಂದೀಶ್ವರಯ್ಯನವರ ಬಾಗಿಲಿಗೇ ಬಂದು ನಿಂತ. ಗೊಬ್ಬರದವರು ಹುಯ್ದ ನೀರು ಅಂದರೆ ಅದಕ್ಕೊಂದು ತೂಕ.

ನಂದೀಶ್ವರಯ್ಯನವರು ಒಳಗೆ ಹೋದರು. ಹಿತ್ತಾಳೆ ಬಿಂದಿಗೆ ತುಂಬಿ ನಿಂತಿತ್ತು. ಅದನ್ನೊಮ್ಮೆ ನೋಡಿದರು. ಈ ನೀರು ಮೋಡವಾಗಿ, ಮೋಡ ಬೆಂಗಳೂರಿಗೆ ಹೋಗಿ, ವಿಮಾನದ ಮೂಗಿನ ಮುಂದೆ ನಿಂತುಬಿಟ್ಟರೆ? ಇಂಥದ್ದನ್ನೆಲ್ಲ ನಂಬುವ ಮನುಷ್ಯರಲ್ಲ ಅವರು. ಆದರೂ ಬಂದುಬಿಟ್ಟರೆ? ಪಕ್ಕದಲ್ಲಿದ್ದ ಕಾಫಿ ಲೋಟವನ್ನು ಬಿಂದಿಗೆಯಲ್ಲಿ ಅದ್ದಿಕೊಂಡು ಹೊರಗೆ ಬಂದರು. ಹುಯ್ದರು.

ಹುಚ್ಚಣ್ಣ ತಲೆ ತಗ್ಗಿಸಿಕೊಂಡೇ ಇದ್ದ. ಸ್ವಲ್ಪ ಹೊತ್ತು ಕಾದು ಕೇಳಿದ.

"ಅಯ್ಯನೋರೆ, ಹುಯ್ದ್ರಾ?"

"ಹುಯ್ದೆ ಕಣಯ್ಯ."

"ನನ್ ಬೆನ್ನಿಗೆ ಬರ್ಲೇ ಇಲ್ವಲ್ಲ."

ಎದುರು ಮನೆಯ ಸರೋಜಮ್ಮ ಕಟ್ಟೆ ಮೇಲಿಂದ ಕೇಳಿದರು. "ನಿಮ್ಮನೆ ನಲ್ಲೀಲಿ ನೀರು ಬರ್ಲಿಲ್ವೇನ್ರಿ?"

"ಬಂದೈತೆ."

"ಲೋಟ ಯಾಕೆ ಹಂಗಾದ್ರೆ? ಮಳೆರಾಯಂಗೆ ಕಾಫಿ ಕೊಟ್ಟಂಗೈತೆ."

ಬೀದಿಯಲ್ಲಿ ಒಂದಿಬ್ಬರು ನಕ್ಕರು. ಹುಚ್ಚಣ್ಣ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಲೆ ಎತ್ತಿದ. ನಂದೀಶ್ವರಯ್ಯನವರ ಮುಖ ನೋಡಿದ, ಲೋಟ ನೋಡಿದ, ಆಕಾಶ ನೋಡಿದ.

"ವಿಮಾನ," ಅಂದ. ಸಿಟ್ಟು ಮಾಡಲಿಲ್ಲ. "ದಿನಾ ಮಳೆ ಬರೋ ಹಂಗೈತಾ ಅಂತ ಕೇಳ್ತಿದ್ರಿ. ನಾನು ಮನೇಗೋಗಿ ಹೆಂಡ್ರು ಹತ್ರ ಹೇಳ್ತಿದ್ದೆ, ನಮ್ಮಯ್ಯನೋರಿಗೆ ನಮ್ ಮ್ಯಾಲೆ ಎಷ್ಟ್ ಪ್ರೀತಿ ಅಂತ."

ಅಷ್ಟರಲ್ಲಿ ಹೊಸಿಲು ದಾಟಿ ಜಗದಾಂಬ ಬಂದರು, ಸೊಂಟದಲ್ಲಿ ಅದೇ ಹಿತ್ತಾಳೆ ಬಿಂದಿಗೆ. ಹಲಗೆ ಮೇಲೆ ಪೂರ್ತಿ ಬಗ್ಗಿಸಿದರು. ಮಳೆರಾಯನ ಮೂಗು ಕರಗಿ ಹುಚ್ಚಣ್ಣನ ಹೆಗಲ ಮೇಲೆ ಇಳಿಯಿತು. ಅವನು ಮುಖ ಒರೆಸಿಕೊಂಡು, "ಈಗ ಬಂತು ತಾಯಿ," ಅಂದ.

"ನಾನು ರೈಲಲ್ಲಿ ಹೋಗ್ತೀನಿ ಕಣಪ್ಪ," ಅಂದರು ಜಗದಾಂಬ. "ನಂಗೆ ಎಷ್ಟ್ ಮಳೆ ಬಂದ್ರೂ ತೊಂದ್ರೆ ಇಲ್ಲ."

ಆವತ್ತೆಲ್ಲ ನಂದೀಶ್ವರಯ್ಯನವರು ಹಟ ಹಿಡಿದರು. ನೀನು ರೈಲಲ್ಲಿ ಹೋಗು, ನಾನು ವಿಮಾನದಲ್ಲೇ ಬರುತ್ತೇನೆ, ಹಡಗಿನ ಹತ್ತಿರ ಸಿಗೋಣ ಅಂದರು. "ಆಯ್ತು," ಅಂದರು ಜಗದಾಂಬ, ಚಕ್ಕುಲಿಯನ್ನು ಎರಡು ಡಬ್ಬಿಗೆ ಪಾಲು ಮಾಡುತ್ತಾ. ಆ ಎರಡು ಡಬ್ಬಿ ನೋಡಿದಾಗಲೇ ನಂದೀಶ್ವರಯ್ಯನವರಿಗೆ ಹೊಳೆದದ್ದು. ವಿಮಾನ ಐದು ಗಂಟೆ ತಡವಾದರೆ ಹಡಗು ಹೊರಡುತ್ತದೆ, ಹೆಂಡತಿ ಅದರಲ್ಲಿರುತ್ತಾಳೆ, ತಾವು ದಡದಲ್ಲಿರುತ್ತಾರೆ. ಇಷ್ಟು ವರ್ಷ ಕಾದು ಸಮುದ್ರ ನೋಡುವಾಗ ಆಕೆಯ ಪಕ್ಕ ತಾವಿರುವುದಿಲ್ಲ. ಇದಕ್ಕೆ ಯಾವ ಪಾಲಿಸಿ? ಯಾವ ಕಿವಿ ಕೊಯ್ದು ಯಾರಿಗೆ ತೋರಿಸುವುದು?

"ಲೇ ಇವಳೇ," ಅಂದರು. "ಒಂದೇ ಡಬ್ಬಿ ಸಾಕು."

ಇಬ್ಬರೂ ರೈಲಿನಲ್ಲೇ ಹೊರಟರು, ಅದೂ ಒಂದು ದಿನ ಅಲ್ಲ, ಎರಡು ದಿನ ಮುಂಚೆ. ಅದು ಅವರ ಸ್ವಭಾವ. ಕೊಚ್ಚಿಯ ದಡ ಮುಟ್ಟಿದ ಕೂಡಲೇ ಸಮುದ್ರಕ್ಕೆ ಮುಖ ಮಾಡಿದ್ದ ಒಂದು ಕಲ್ಲುಬೆಂಚು ನೋಡಿ, ಬೇರೆ ಯಾರೂ ಇಲ್ಲದಿದ್ದರೂ ದೂರದಿಂದಲೇ ಟವೆಲ್ ಎಸೆದು ಹೆಂಡತಿಗೆ ಜಾಗ ಹಿಡಿದರು. ಜಗದಾಂಬ ಕೂತರು. ಈ ತುದಿಯಿಂದ ಆ ತುದಿವರೆಗೂ ನೀರು ನೋಡಿದರು. ಆಮೇಲೆ, "ಇಷ್ಟೂ ಉಪ್ಪಾ?" ಅಂದರು. "ಇಷ್ಟೂ ಉಪ್ಪೇ," ಅಂದರು ನಂದೀಶ್ವರಯ್ಯನವರು, ತಾವೇ ಉಪ್ಪು ಬೆರೆಸಿದವರ ಹಾಗೆ.

ಹಡಗಿನ ದಿನ ಬೆಳಿಗ್ಗೆ ಅದೇ ಬೆಂಚಿನಲ್ಲಿ ಕೂತಿದ್ದಾಗ ತಲೆ ಮೇಲೆ ಬೆಂಗಳೂರಿನಿಂದ ಬರುವ ವಿಮಾನ ಇಳಿಯುತ್ತಾ ಹೋಯಿತು. ಒಂದು ನಿಮಿಷವೂ ತಡ ಇಲ್ಲ. ನಂದೀಶ್ವರಯ್ಯನವರು ಸಫಾರಿ ಹಾಕಿಕೊಂಡು, ಕತ್ತು ಹಿಂದಕ್ಕೆ ಬಗ್ಗಿಸಿ, ತಮ್ಮ ಸೀಟು ಖಾಲಿ ಹೋಗುವುದನ್ನು ನೋಡಿದರು. ಜಗದಾಂಬ ಅತ್ತ ನೋಡಲೇ ಇಲ್ಲ. ಅಲೆ ನೋಡುತ್ತಿದ್ದರು.

ದ್ವೀಪ ಸುತ್ತಿ ವಾಪಸ್ಸು ಬಂದರೆ ಬೆಂಗಳೂರಿನ ಮೇಲೆ ಎಡೆಬಿಡದ ಮಳೆ, ವಿಮಾನ ಮಾರನೆಯ ದಿನಕ್ಕೆ ಹೋಯಿತು. ತಡವಾದದ್ದು ಹನ್ನೆರಡು ಗಂಟೆಗಿಂತ ಎಷ್ಟೋ ಹೆಚ್ಚು. ಆದರೆ ಪಾಲಿಸಿ ಇದ್ದದ್ದು ಹೋಗುವುದಕ್ಕೆ ಮಾತ್ರ. ನಂದೀಶ್ವರಯ್ಯನವರು ತಲೆ ಮೇಲೆ ಕೈ ಇಟ್ಟುಕೊಂಡರು. ಜಗದಾಂಬ ಆಗಲೇ ಚಪ್ಪಲಿ ಮೆಟ್ಟಿದ್ದರು.

"ಏಳ್ರಿ. ಇನ್ನೊಂದ್ ಸಾಯಂಕಾಲ ಸಿಕ್ತು."

"ಎಲ್ಲಿಗೆ?"

"ಬೆಂಚಿಗೆ. ಟವೆಲ್ ತಗೊಳ್ಳಿ."

ಮಾರನೆಯ ದಿನ ಹಾರಿದರು. ವಿಮಾನದಲ್ಲಿ ಏನೇನಾಯಿತು ಅಂತ ಹೇಳಲು ನಂದೀಶ್ವರಯ್ಯನವರ ಹತ್ತಿರ ಹೆಚ್ಚೇನೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ ಬೆಲ್ಟು ಹಿಡಿದುಕೊಂಡು ಕೂತಿದ್ದರು ಅನ್ನುವುದು ಜಗದಾಂಬ ಅವರ ಹೇಳಿಕೆ.

ಆ ಮಳೆ ಮಧುಗಿರಿಗೂ ಬಂದಿತ್ತು. ಕೆಲವು ವಾರ ಬಿಟ್ಟು ಹುಚ್ಚಣ್ಣ ಅಂಗಡಿಗೆ ಬಂದ. ಟವೆಲಿನ ಗಂಟು ಬಿಚ್ಚಿ ಹಸಿ ಕಡಲೆಕಾಯಿಯನ್ನು ಮೇಜಿನ ಮೇಲೆ ಸುರಿದ. ಮಣ್ಣು ಇನ್ನೂ ಒದ್ದೆ ಇತ್ತು.

"ಅಮ್ಮಾವ್ರಿಗೆ ಕೊಡಿ ಅಯ್ಯನೋರೆ."

"ನಂಗಿಲ್ವೇನಯ್ಯ?"

ಹುಚ್ಚಣ್ಣ ಸ್ವಲ್ಪ ಯೋಚನೆ ಮಾಡಿದ. ಮೇಜಿನ ಮೂಲೆಯಲ್ಲಿದ್ದ ಕಾಫಿ ಲೋಟ ಎತ್ತಿಕೊಂಡು, ಅದರೊಳಗೆ ಒಂದೊಂದಾಗಿ ಕಾಯಿ ಹಾಕಿ, ಕಂಠದವರೆಗೂ ತುಂಬದೆ, ಅವರ ಮುಂದೆ ಸರಿಸಿದ.